ಅಲೆಯ ಬೆನ್ನು ಹತ್ತಿದ ಜಾನ್ ಸ್ಕಾಟ್ ರಸೆಲ್

ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದವರು ಜಾನ್ ಸ್ಕಾಟ್ ರಸೆಲ್. 1808ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಬಳಿ ಹುಟ್ಟಿದ ಇವರು ಹಡಗು ಕಟ್ಟುವ ಇಂಜಿನಿಯರ್.

1834ರಲ್ಲಿ ಎಡಿನ್‌ಬರೋ ಸಮೀಪದ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಥಟ್ಟನೆ ನಿಂತಿತು. ಅದರ ಮುಂದಿದ್ದ ನೀರು ಮಾತ್ರ ನಿಲ್ಲಲಿಲ್ಲ. ಸುಮಾರು 30 ಅಡಿ ಉದ್ದ, ಒಂದೂವರೆ ಅಡಿಯಷ್ಟು ಎತ್ತರದ ಒಂಟಿ ಅಲೆಯಾಗಿ ಸಾಗಿತು. ರಸೆಲ್ ಕುದುರೆಯ ಮೇಲೆ ಒಂದೆರಡು ಮೈಲಿ ಹಿಂಬಾಲಿಸಿದರು. ಅಲೆ ಚದುರಲಿಲ್ಲ, ಕೊನೆಗೆ ಕಾಲುವೆಯ ತಿರುವುಗಳಲ್ಲಿ ಮರೆಯಾಯಿತು.

ನಾನಾಗಿದ್ದರೆ ಮನೆಗೆ ಹೋಗಿ ಮರೆತುಬಿಡುತ್ತಿದ್ದೆನೇನೋ! ಇವರು ಹಿತ್ತಲಲ್ಲೇ ನೀರಿನ ತೊಟ್ಟಿ ಕಟ್ಟಿ, ಅಂಥದೇ ಅಲೆ ಎಬ್ಬಿಸಿ ಅಳೆದರು. ಎತ್ತರದ ಅಲೆಗೆ ವೇಗವೂ ಹೆಚ್ಚು ಎಂದು ಕಂಡುಕೊಂಡರು. ಏರಿ, ಸ್ಟೋಕ್ಸ್‌ರಂಥ ಗಣಿತಜ್ಞರ ಲೆಕ್ಕಕ್ಕೆ ಇದು ಒಗ್ಗದೆ ಅವರು ಸಂದೇಹಪಟ್ಟರು. ಮುಂದೆ ರಸೆಲ್ 'ಗ್ರೇಟ್ ಈಸ್ಟರ್ನ್' ಎಂಬ ಬೃಹತ್ ಹಡಗು ಕಟ್ಟಲು ಹೋಗಿ ಭಾರಿ ನಷ್ಟ ಅನುಭವಿಸಿದರು. (1870ರಲ್ಲಿ ಮುಂಬೈ–ಏಡನ್ ತಂತಿ ಕೇಬಲ್ ಹಾಸಿದ್ದು ಇದೇ ಹಡಗು.) 1882ರಲ್ಲಿ ತೀರಿಕೊಂಡರು.

1895ರಲ್ಲಿ ಕೋರ್ಟೆವೆಗ್, ಡಿ ವ್ರೀಸ್ ಬರೆದ ಸಮೀಕರಣದಲ್ಲಿ ಆ ಅಲೆ ಸಿಕ್ಕಿತು. 1965ರಲ್ಲಿ 'ಸಾಲಿಟಾನ್' ಎಂಬ ಹೆಸರು ಬಂತು. 1980ರಲ್ಲಿ ಗಾಜಿನ ಎಳೆಯೊಳಗೆ ಬೆಳಕಿನ ಸಾಲಿಟಾನ್ ಕಂಡಿತು. ಗಾಜು ಬೆಳಕಿನ ಮಿಡಿತವನ್ನು ಹರಡಲು ನೋಡುತ್ತದೆ, ಮಿಡಿತದ ತೀವ್ರತೆಯೇ ಅದನ್ನು ಹಿಡಿದಿಡುತ್ತದೆ. ಇಂದಿನ ಮೋಡ್-ಲಾಕ್ಡ್ ಫೈಬರ್ ಲೇಸರ್‌ಗಳಲ್ಲಿ ಇಂಥ ಎರಡು ಮಿಡಿತಗಳು, ಅಣುವಿನೊಳಗಿನ ಪರಮಾಣುಗಳಂತೆ, ನಿಗದಿತ ಅಂತರದಲ್ಲಿ ಜೊತೆಯಾಗಿ ಸುತ್ತು ಹಾಕುವುದೂ ಉಂಟು. ಇವುಗಳ ಹಿಂದೆ ಕುದುರೆ ಓಡಿಸುವಂತಿಲ್ಲ. ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್!