ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ: ತನ್ನ ನಂಬಿಕೆಯನ್ನೇ ಪ್ರಶ್ನಿಸಿಕೊಂಡ ಗಂಗಾಮೂಲದ ಪಂಡಿತೆ ರಮಾಬಾಯಿ

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ 25 ವರ್ಷದ ಭಾರತೀಯ ವಿಧವೆಯೊಬ್ಬರು ಎರಡು ವರ್ಷದ ಮಗಳ ಜತೆ ದೀಕ್ಷಾಸ್ನಾನ ಪಡೆದರು. ಭಾಗವತದ 18 ಸಾವಿರ ಶ್ಲೋಕಗಳನ್ನು ಕಂಠಪಾಠ ಮಾಡಿದ್ದ ಬ್ರಾಹ್ಮಣ ಪಂಡಿತೆ ಕ್ರೈಸ್ತರಾದ ಸುದ್ದಿ ಪುಣೆಯಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಎಂಟು ವರ್ಷಗಳ ಬಳಿಕ ಅದೇ ಪಂಡಿತೆ, ತಾನು ನಿಜಕ್ಕೂ ಕ್ರೈಸ್ತಳೇ ಎಂದು ತನ್ನನ್ನೇ ಕೇಳಿಕೊಂಡರು. ಆಗ ಸಿಕ್ಕ ಉತ್ತರ ಅವರಿಗೇ ಆಘಾತ ತಂದಿತು.

ಪಂಡಿತಾ ರಮಾಬಾಯಿ ಎಂದರೆ ಮಹಾರಾಷ್ಟ್ರದವರು ಎಂದೇ ಬಹಳಷ್ಟು ಮಂದಿ ತಿಳಿದಿದ್ದಾರೆ. ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಊರವರ ವಿರೋಧ ಕಟ್ಟಿಕೊಂಡವರು. ರಮಾಬಾಯಿಗೆ ಪಾಠ ಹೇಳಿದ್ದು ಆ ತಾಯಿಯೇ.

ಮಗುವಿಗೆ ಆರು ತಿಂಗಳಾದಾಗ ಕುಟುಂಬ ಮನೆ ಬಿಟ್ಟು ಯಾತ್ರೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ್ದ ರಮಾಬಾಯಿಯನ್ನು ಆಳೊಬ್ಬ ತಲೆಯ ಮೇಲೆ ಹೊತ್ತು ನಡೆದ. ಮುಂದೆ ವರ್ಷಗಟ್ಟಲೆ ದೇವಸ್ಥಾನಗಳ ಅಂಗಳದಲ್ಲಿ ಪುರಾಣ ಓದುವುದು, ತೀರ್ಥಸ್ನಾನ, ದಾನ, ಬ್ರಾಹ್ಮಣ ಭೋಜನ ಇವೇ ಅವರ ಬದುಕಾಯಿತು. ಕೈಯಲ್ಲಿದ್ದ ಹಣವೆಲ್ಲ ಪುಣ್ಯ ಸಂಪಾದನೆಗೆ ಹೋಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಉಳಿದದ್ದು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಷ್ಟೆಲ್ಲ ಮಾಡಿದರೂ ದೇವರು ಯಾಕೆ ಕೈಬಿಟ್ಟ ಎಂಬ ಪ್ರಶ್ನೆ ಅವರಿಬ್ಬರನ್ನೂ ಕಾಡಿತು. ಎಷ್ಟು ಮಾಡಿದರೆ ಸಾಕು ಎಂಬ ಇನ್ನೊಂದು ಪ್ರಶ್ನೆ, ಧರ್ಮ ಬದಲಾದ ಮೇಲೂ ರಮಾಬಾಯಿಯ ಬೆನ್ನು ಬಿಡಲಿಲ್ಲ.

ಅಣ್ಣ ತಂಗಿ ನಡೆದುಕೊಂಡೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಜತೆ ಜಾತಿ ಮೀರಿ ಮದುವೆ. 1882ರ ಫೆಬ್ರವರಿಯಲ್ಲಿ ಗಂಡನೂ ಕಾಲರಾಕ್ಕೆ ಬಲಿ. ಕಂಕುಳಲ್ಲಿ ಹೆಣ್ಣುಮಗು ಮನೋರಮಾ. ಗಂಡನ ಪುಸ್ತಕಗಳ ನಡುವೆ ಸಿಕ್ಕಿದ್ದ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯನ್ನು ಅವರು ಆಗಲೇ ಓದಿದ್ದರು.

ವಾಂಟೇಜ್‌ನಲ್ಲಿ ವಾಗ್ವಾದ

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿ, ಪುಸ್ತಕ ಮಾರಿದ ಹಣದಲ್ಲಿ ಹಡಗಿನ ಟಿಕೆಟ್ ಕೊಂಡು ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೋದರು. ವೈದ್ಯಕೀಯ ಓದುವ ಆಸೆಯಿತ್ತು. ಕಿವಿ ಮಂದವಾಗಿದ್ದರಿಂದ ಅದು ಕೈಗೂಡಲಿಲ್ಲ. ಉಳಿದುಕೊಂಡಿದ್ದು ವಾಂಟೇಜ್‌ನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ. ಜತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ ನಡೆಯಿತು.

ಅವರ ಮನಸ್ಸನ್ನು ತಿರುಗಿಸಿದ್ದು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಅದೇ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮ. ಸಮಾಜ ಹೊರಹಾಕಿದ ಹೆಂಗಸರನ್ನು ಅಲ್ಲಿ ಮರ್ಯಾದೆಯಿಂದ ನೋಡಿಕೊಳ್ಳುತ್ತಿದ್ದರು. ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನ ಜತೆ ಮಾತಾಡಿದ ಪ್ರಸಂಗವನ್ನು ಓದಿದಾಗ ಈ ದಯೆಯ ಮೂಲ ಅವರಿಗೆ ಕಂಡಿತು.

ಹಾಗೆಂದು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಾಗಿರಲಿಲ್ಲ. ತ್ರಯೈಕ ದೇವರ ಸಿದ್ಧಾಂತ ಒಪ್ಪಲು ಕಷ್ಟವಾಯಿತು, ಹಾಗೆಂದು ಹೇಳಿಯೂ ಬಿಟ್ಟರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಬರೆದರೆ ಆಗದೇ ಎಂದು ಕೇಳಿದರು. ಸಸ್ಯಾಹಾರ ಬಿಡಲಿಲ್ಲ. ಅವರ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನ್‌ಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ಇಬ್ಬರ ನಡುವಿನ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದಿವೆ. ಬಿಷಪ್‌ಗಳು ಹೇಳಿದರೆಂದು ನಂಬಲಾರೆ, ಬೈಬಲ್ ಓದಿ ನಾನೇ ತೀರ್ಮಾನಿಸುವೆ ಎಂಬುದು ಅವುಗಳ ಉದ್ದಕ್ಕೂ ರಮಾಬಾಯಿಯ ನಿಲುವು. ಊರ ಪಂಡಿತರೆದುರು ಶಾಸ್ತ್ರ ಹಿಡಿದು ವಾದಿಸಿದ ಅನಂತಶಾಸ್ತ್ರಿಗಳ ಮಗಳು ಇನ್ನು ಹೇಗಿದ್ದಾರು?

1891: ಕೈಗೆ ಬಂದ ಒಂದು ಪುಸ್ತಕ

ಅಮೆರಿಕದಲ್ಲಿ ಮೂರು ವರ್ಷ ಓಡಾಡಿ, ಹಣ ಮತ್ತು ಬೆಂಬಲ ಕೂಡಿಸಿಕೊಂಡು ಬಂದು 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದ ಗೋದೂಬಾಯಿ ಇಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು. ಸದನದಲ್ಲಿ ಧರ್ಮಬೋಧನೆ ಇಲ್ಲ ಎಂಬ ಷರತ್ತಿನ ಮೇಲೆ ರಾನಡೆ, ಭಂಡಾರ್ಕರ್ ಅಂಥ ಸುಧಾರಕರು ಸಲಹಾ ಸಮಿತಿಯಲ್ಲಿದ್ದರು.

ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಿತ್ತು. ಒಳಗೆ ಮಾತ್ರ ನೆಮ್ಮದಿಯಿರಲಿಲ್ಲ. ಹೀಗಿರುವಾಗ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥೆ ಓದಿದರು. ವರ್ಷಗಟ್ಟಲೆ ಪಾದ್ರಿಯಾಗಿದ್ದ ಹ್ಯಾಸ್ಲಮ್, 1851ರಲ್ಲಿ ಕಾರ್ನ್‌ವಾಲ್‌ನ ತಮ್ಮ ಚರ್ಚ್‌ನಲ್ಲಿ ಪ್ರವಚನ ಮಾಡುತ್ತಿದ್ದಾಗಲೇ ತಮಗೆ ನಂಬಿಕೆಯೇ ಇರಲಿಲ್ಲ ಎಂದು ಅರಿತು ಬದಲಾದವರು. ಪಾದ್ರಿಯೇ ಮತಾಂತರವಾದರು ಎಂದು ಸಭೆಯಲ್ಲಿದ್ದವರೊಬ್ಬರು ಕೂಗಿದರಂತೆ!

ರಮಾಬಾಯಿಗೆ ಅಲ್ಲಿ ತಮ್ಮದೇ ಚಿತ್ರ ಕಂಡಿತು. 1907ರಲ್ಲಿ ಬರೆದ ಆತ್ಮಕಥನದಲ್ಲಿ ಅವರು ಇದನ್ನು ಬಿಚ್ಚಿಟ್ಟಿದ್ದಾರೆ. ತಾನು ಒಪ್ಪಿಕೊಂಡಿದ್ದು ಕ್ರೈಸ್ತ ಧರ್ಮವನ್ನು, ಕ್ರಿಸ್ತನನ್ನಲ್ಲ ಎಂಬುದು ಅವರ ತೀರ್ಮಾನ. ದೀಕ್ಷಾಸ್ನಾನ, ಸಂಸ್ಕಾರ, ಒಳ್ಳೆಯ ನಡತೆ, ಸೇವೆ ಎಲ್ಲ ಇದ್ದವು. ಇವೆಲ್ಲ ಸೇರಿ ಮುಂದೊಂದು ದಿನ ರಕ್ಷಣೆ ಸಿಕ್ಕೀತು ಎಂಬ ಆಸೆಯಿತ್ತೇ ಹೊರತು ಸಿಕ್ಕಿದೆ ಎಂಬ ಭರವಸೆಯಿರಲಿಲ್ಲ. ತೀರ್ಥದಿಂದ ತೀರ್ಥಕ್ಕೆ ಅಲೆದ ಅಪ್ಪ ಅಮ್ಮನ ಲೆಕ್ಕಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ರಕ್ಷಣೆ ದುಡಿದು ಪಡೆಯುವ ಕೂಲಿಯಲ್ಲ, ಪಾಪಿಗೆ ಪುಕ್ಕಟೆ ಸಿಗುವ ದಾನ, ಅದಕ್ಕಾಗಿ ಕಾಯಬೇಕಾಗಿಲ್ಲ ಎಂಬುದನ್ನು ಆಗ ಒಪ್ಪಿಕೊಂಡೆ ಎನ್ನುತ್ತಾರೆ ಅವರು. ಜಗತ್ತೆಲ್ಲ ತನ್ನನ್ನು ಕ್ರೈಸ್ತ ನಾಯಕಿ ಎಂದು ಹೊಗಳುತ್ತಿದ್ದಾಗ ಹೀಗೆ ಹೇಳಿಕೊಳ್ಳಲು ಸಣ್ಣ ಧೈರ್ಯ ಸಾಲದು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ರಮಾಬಾಯಿ ಬಾಗಿಲು ಹಾಕಿಕೊಳ್ಳದೆ ಪ್ರಾರ್ಥಿಸುತ್ತಿದ್ದರು, ಹುಡುಗಿಯರು ಬಂದು ಕೂರತೊಡಗಿದರು. ಯಾರನ್ನೂ ಒತ್ತಾಯಿಸಿಲ್ಲ ಎಂಬುದು ಅವರ ವಾದ. ತಾಯಿಯ ಸ್ಥಾನದಲ್ಲಿದ್ದವರ ಪ್ರಭಾವವೂ ಒಂದು ಬಗೆಯ ಬೋಧನೆಯೇ ಎಂಬ ಎದುರು ಪಕ್ಷದ ದೂರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ತಿಲಕರ ಕೇಸರಿ ಪತ್ರಿಕೆ ಟೀಕೆಯ ಸುರಿಮಳೆಗರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಸಮಿತಿ ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು.

ಕೇಡಗಾಂವ್‌ನಿಂದ ಕಲಬುರಗಿಗೆ

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ರಮಾಬಾಯಿ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಣೆ ಬಳಿಯ ಕೇಡಗಾಂವ್‌ನಲ್ಲಿ ಹೀಗೆ ಮುಕ್ತಿ ಮಿಷನ್ ಬೆಳೆಯಿತು. ಮಗಳು ಮನೋರಮಾ ಅವರೊಂದಿಗೆ ಸೇರಿ, ಅಂದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲೂ ಶಾಲೆ ತೆರೆದರು.

ಕೊನೆಯ ವರ್ಷಗಳು ಬೈಬಲ್ ಅನುವಾದಕ್ಕೆ ಮೀಸಲಾದವು. ಇದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಸಂಸ್ಕೃತದ ಪಂಡಿತೆ ಸಂಸ್ಕೃತ ಪದಗಳನ್ನು ಬೇಕೆಂದೇ ದೂರವಿಟ್ಟು, ಓದು ಕಡಿಮೆಯಿರುವ ಹೆಂಗಸರಿಗೂ ಅರ್ಥವಾಗುವ ಮರಾಠಿಯನ್ನು ಆರಿಸಿಕೊಂಡರು. ಅಚ್ಚುಮೊಳೆ ಜೋಡಿಸಿದ್ದೂ ಮುಕ್ತಿಯ ಹೆಂಗಸರೇ. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಕೊನೆಯುಸಿರೆಳೆದರು. ಅವರ ಬೈಬಲ್ ಪೂರ್ಣವಾಗಿ ಹೊರಬಂದದ್ದು 1924ರಲ್ಲಿ.