ಮರಳುನಾಡಿನ ನಗರಗಳಿಗೆ ಶುದ್ಧ ನೀರು: ಸರ್ ಎಂ. ವಿಶ್ವೇಶ್ವರಯ್ಯ

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಪೂರೈಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರರಾಗಿ ಸೇರಿದರು. ನಾಡು ಅವರನ್ನು ಕೃಷ್ಣರಾಜಸಾಗರದೊಡನೆ ಸ್ಮರಿಸುತ್ತದೆ. ಕುಡಿಯುವ ನೀರಿನ ಶುದ್ಧೀಕರಣದಲ್ಲಿ ಅವರು ಸಲ್ಲಿಸಿದ ಸೇವೆಯೂ ಅಷ್ಟೇ ಸ್ಮರಣೀಯವಾದುದು.

ಸುಕ್ಕೂರು ನೀರು ಸರಬರಾಜು ಯೋಜನೆ

1894ರಲ್ಲಿ ಅವರನ್ನು ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ, ಇಂದು ಪಾಕಿಸ್ತಾನದಲ್ಲಿರುವ ಸಿಂಧ್‌ನ ಸುಕ್ಕೂರಿಗೆ ನಿಯೋಜಿಸಲಾಯಿತು. ಅದು ಮಳೆ ಅತ್ಯಲ್ಪವಾದ, ಬೇಸಿಗೆಯ ತಾಪ ಅತಿ ಹೆಚ್ಚಾದ ಪ್ರದೇಶ. ಊರಿನ ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ಅದರ ನೀರು ಕೆಸರಿನಿಂದ ಕೂಡಿತ್ತು. ನೀರನ್ನು ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ.

ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ, ದಡಕ್ಕೆ ಸಮೀಪವಾಗಿ ಬಾವಿಯೊಂದನ್ನು ತೋಡಿಸಿದರು. ನದಿಯ ನೀರು ಮರಳಿನ ಪದರಗಳ ಮೂಲಕ ಜಿನುಗಿ, ಕೆಸರನ್ನು ಅಲ್ಲಿಯೇ ಬಿಟ್ಟು, ತಿಳಿಯಾಗಿ ಬಾವಿ ಸೇರಿತು. ಒಸರು ಹೆಚ್ಚಲೆಂದು ಬಾವಿಯಿಂದ ನದಿಯ ತಳದ ಕೆಳಗೆ ಸುರಂಗವನ್ನು ಕೊರೆಸಲಾಯಿತು. ಹೀಗೆ ದೊರೆತ ನೀರನ್ನು ಗುಡ್ಡದ ಮೇಲಿನ ಜಲಾಗಾರಕ್ಕೆ ಪಂಪ್ ಮಾಡಿ, ಕೊಳವೆಗಳ ಮೂಲಕ ಊರಿಗೆ ಹಂಚಲಾಯಿತು. ಕಾಮಗಾರಿಯು 1895ರಲ್ಲಿ ಪೂರ್ಣಗೊಂಡಿತು.

ಏಡನ್ ನಗರ

1906ರಲ್ಲಿ ಸರ್ಕಾರವು ಅವರನ್ನು ಅರೇಬಿಯಾದ ಏಡನ್ ಬಂದರಿಗೆ ಕಳುಹಿಸಿತು. ಅಲ್ಲಿನ ಜನರು ಮಳೆನೀರಿನ ಕೊಳಗಳನ್ನೂ ಭಟ್ಟಿ ಇಳಿಸಿದ ಸಮುದ್ರದ ನೀರನ್ನೂ ಅವಲಂಬಿಸಿದ್ದರು. ಭಟ್ಟಿ ಇಳಿಸುವುದಕ್ಕೆ ಅಪಾರ ಇಂಧನ ಬೇಕಾಗುತ್ತದೆ. ಒಳನಾಡಿನ ಲಹೇಜ್ ಪ್ರದೇಶದಲ್ಲಿ ನದಿಯ ಮರಳಿನೊಳಗೆ ಇಂಗಿರುವ ನೀರನ್ನು ಬಾವಿಗಳಲ್ಲಿ ಸಂಗ್ರಹಿಸಿ ನಗರಕ್ಕೆ ತರಬಹುದೆಂದು ಅವರು ಸೂಚಿಸಿದರು.

ನಂತರದ ಜೀವನ

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ನೇಮಕಗೊಂಡ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಭಾಜನರಾದರು. 1962ರಲ್ಲಿ ನಿಧನ ಹೊಂದಿದರು.

ಕಾರ್ಯದ ಮಹತ್ವ

ನದಿಯ ಮರಳು ಕೆಸರನ್ನೂ ರೋಗಾಣುಗಳ ಬಹುಪಾಲನ್ನೂ ತಡೆಯುತ್ತದೆ. ಆದರೆ ನೀರಿನಲ್ಲಿ ಕರಗಿದ ಲವಣಗಳನ್ನು ಅದು ತೆಗೆಯಲಾರದು. ಆದುದರಿಂದ ಇಂದು ಹೀಗೆ ಪಡೆದ ನೀರನ್ನು ಪರೀಕ್ಷಿಸಿ, ಕ್ಲೋರಿನ್ ಮುಂತಾದವುಗಳಿಂದ ಶುದ್ಧೀಕರಿಸಿದ ನಂತರವೇ ಪೂರೈಸುವುದು ಅವಶ್ಯ. ಮರಳೇ ಈ ವಿಧಾನದ ಶೋಧಕವಾದ ಕಾರಣ, ನದಿಪಾತ್ರದ ಮರಳನ್ನು ಬರಿದುಮಾಡುವುದೆಂದರೆ ಊರಿನ ಶೋಧಕವನ್ನೇ ಕಿತ್ತುಹಾಕಿದಂತೆ. ಬಡ ಪುರಸಭೆಗೂ ಶುದ್ಧ ನೀರು ದೊರಕಬೇಕೆಂಬ ಕಾಳಜಿಯಿಂದ ರೂಪುಗೊಂಡ ಸುಕ್ಕೂರಿನ ಬಾವಿಯು ಈ ಪಾಠವನ್ನು ಇಂದಿಗೂ ನೆನಪಿಸುತ್ತದೆ.