ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಸಾಂಗ್ಲಿ-ಮಿರಜಿನ ನಮ್ಮ ಮಕ್ಕಳಿಗೆ ಕೊಡಗು ದೂರದ ನಾಡು. ಕಾವೇರಿ ಹುಟ್ಟುವ ಸ್ಥಳವೆಂದು ಭೂಗೋಳದಲ್ಲಿ ಓದಿರುತ್ತಾರೆ; ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಹೆಸರುಗಳನ್ನು ಕೇಳಿರುತ್ತಾರೆ. ಅದೇ ಕೊಡಗಿನ ಇನ್ನೊಬ್ಬ ವೀರ ವಾಯುದಳದ ಅಜ್ಜಮಾಡ ಬೊಪ್ಪಯ್ಯ ದೇವಯ್ಯ. ಇವರು ಮಾಡಿದ ಸಾಹಸ ಇವರ ದಳದವರಿಗೇ ಬಹುಕಾಲ ತಿಳಿದಿರಲಿಲ್ಲ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. ತಂದೆ ಬೊಪ್ಪಯ್ಯನವರು ವೈದ್ಯರು. ಅಜ್ಜಮಾಡ ಎಂಬುದು ಮನೆತನದ ಹೆಸರು. ಕೊಡವರಲ್ಲಿ ಅದು ಮೊದಲು ಬರುತ್ತದೆ, ನಮ್ಮ ಕಡೆಯ ಅಡ್ಡಹೆಸರಿನಂತೆ ಕೊನೆಗಲ್ಲ. 1954ರಲ್ಲಿ ಅವರು ವಾಯುದಳವನ್ನು ಸೇರಿ ವೈಮಾನಿಕರಾದರು. ಸ್ಕ್ವಾಡ್ರನ್ ಲೀಡರ್ ಎಂದರೆ ಭೂಸೇನೆಯ ಮೇಜರ್ ಹುದ್ದೆಗೆ ಸಮಾನ. ಏರ್ ಮಾರ್ಷಲ್ ಪದವಿಯವರೆಗೆ ಏರುವಷ್ಟು ಆಯುಷ್ಯ ಅವರಿಗೆ ದೊರೆಯಲಿಲ್ಲ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಹತ್ತಿಕೊಂಡಾಗ ಅವರು ವಾಯುದಳದ ಕಾಲೇಜಿನಲ್ಲಿ ಹೊಸಬರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ನಮ್ಮ ವೃತ್ತಿಯವರೇ ಎಂದು ನನಗೊಂದು ಅಭಿಮಾನ. ಅಲ್ಲಿಂದ ಅವರನ್ನು 1ನೆಯ ಸ್ಕ್ವಾಡ್ರನ್‌ಗೆ ವರ್ಗ ಮಾಡಲಾಯಿತು. ಪಂಜಾಬದ ಜಲಂಧರದ ಬಳಿ ಇರುವ ಆದಂಪುರದಲ್ಲಿ ಅದರ ನೆಲೆ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟದ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ನಸುಕಿನಲ್ಲಿಯೇ ನಮ್ಮವರು ಉತ್ತರ ಕೊಡಲು ಹೊರಟರು. ಗುರಿ, ಶತ್ರುವಿನ ಅತ್ಯಂತ ಬಲವಾದ ವಿಮಾನನೆಲೆ ಸರ್ಗೋಧಾ. ಆದಂಪುರದಿಂದ ಅದು ಸುಮಾರು 300 ಕಿಲೋಮೀಟರ್. ರಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ಸಮೀಪವಾಗಿ ಹಾರಬೇಕು. ಹಾಗೆ ಹಾರಿದರೆ ಇಂಧನ ಬೇಗ ಖರ್ಚಾಗುತ್ತದೆ. ಹೋಗಿ ಬರಲು ಹೇಗೋ ಸಾಕಾಗುವಷ್ಟೇ ಇಂಧನ, ಕಾದಾಡುತ್ತ ನಿಲ್ಲಲು ಅವಕಾಶವಿಲ್ಲ. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ 12 ವಿಮಾನಗಳು ಹೋಗುವುದೆಂದು ಗೊತ್ತಾಗಿತ್ತು. ಯಾವುದಾದರೂ ಕೆಟ್ಟರೆ ಇರಲೆಂದು ಇನ್ನೆರಡು ವಿಮಾನಗಳು ಸಿದ್ಧವಾಗಿದ್ದವು. ದೇವಯ್ಯನವರು ಈ ಹೆಚ್ಚಿನವರಲ್ಲಿ ಒಬ್ಬರು. ಹಾರುವಾಗ ಒಂದು ವಿಮಾನ ಹಿಂದುಳಿಯಿತು. ಅದರ ಸ್ಥಾನವನ್ನು ಅವರು ತುಂಬಿದರು.

ದಾಳಿ ಮುಗಿಸಿ ಉಳಿದವರು ಹಿಂತಿರುಗಿದರು. ದೇವಯ್ಯ ಬರಲಿಲ್ಲ. ಏನಾಯಿತೆಂದು ಕಂಡವರಿಲ್ಲ. ಆಗ ಅವರಿಗೆ 32 ವರ್ಷ ವಯಸ್ಸು. ಮನೆಯಲ್ಲಿ ಹೆಂಡತಿ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಯುದ್ಧದ ಲೆಕ್ಕದಲ್ಲಿ ಅವರು ಕಾಣೆಯಾದವರಾಗಿ ಉಳಿದರು.

ಹೀಗೆ 14 ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುದಳದವರಿಂದಲೇ ಮಾಹಿತಿ ಪಡೆದು ಆ ಯುದ್ಧದ ಬಗ್ಗೆ ಒಂದು ಪುಸ್ತಕ ಬರೆದ. ಆ ದಿನ ಅವರ ಒಂದು ಸ್ಟಾರ್‌ಫೈಟರ್ ವಿಮಾನ ಭಾರತದ ಮಿಸ್ಟೇರ್ ವಿಮಾನದೊಡನೆ ಹೋರಾಡಿ ಉರುಳಿತೆಂದು ಅದರಲ್ಲಿತ್ತು. ಹಿಂತಿರುಗಿದ ನಮ್ಮ ವೈಮಾನಿಕರಲ್ಲಿ ಯಾರೂ ಸ್ಟಾರ್‌ಫೈಟರನ್ನು ಕೆಡವಿರಲಿಲ್ಲ. ಹಾಗಾದರೆ ಕೆಡವಿದವರು ಬಾರದೆ ಉಳಿದ ದೇವಯ್ಯನವರೇ ಆಗಿರಬೇಕು!

ಇದು ಎಷ್ಟು ದೊಡ್ಡ ಮಾತೆಂದು ತಿಳಿಯಲು ಎರಡು ವಿಮಾನಗಳನ್ನು ಹೋಲಿಸಬೇಕು. ಫ್ರಾನ್ಸಿನ ಮಿಸ್ಟೇರ್ ಗಂಟೆಗೆ ಸುಮಾರು ಸಾವಿರ ಕಿಲೋಮೀಟರ್ ವೇಗದ್ದು. ಸಾಂಗ್ಲಿಯಿಂದ ಮಿರಜಿಗೆ ಸುಮಾರು 10 ಕಿಲೋಮೀಟರ್ ಎಂದರೆ ಅದಕ್ಕೆ 36 ಸೆಕೆಂಡು ಬೇಕು. ಅಮೆರಿಕದ ಸ್ಟಾರ್‌ಫೈಟರ್ ಎತ್ತರದಲ್ಲಿ ಅದರ ಎರಡು ಪಟ್ಟು ವೇಗವಾಗಿ ಹೋಗಬಲ್ಲದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರಿನ ರೆಕ್ಕೆಗಳು ತೀರ ಗಿಡ್ಡ. ಚಿಕ್ಕ ಸುತ್ತಿನಲ್ಲಿ ಗಕ್ಕನೆ ತಿರುಗಲು ಅದಕ್ಕೆ ಬಾರದು. ಮಿಸ್ಟೇರ್ ತಿರುಗಬಲ್ಲದು.

ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ನಡೆಸುತ್ತಿದ್ದ ಆ ಸ್ಟಾರ್‌ಫೈಟರ್ ದೇವಯ್ಯನವರ ವಿಮಾನಕ್ಕೆ ಗುಂಡು ತಗುಲಿಸಿತು. ಪೆಟ್ಟು ತಿಂದ ವಿಮಾನದಲ್ಲಿಯೇ ಅವರು ತಿರುಗಿ ನಿಂತರು. ಕೆಳಮಟ್ಟದ ಆ ಸೆಣಸಾಟದಲ್ಲಿ ತಮ್ಮ ಫಿರಂಗಿಗಳಿಂದ ಶತ್ರುವಿಗೆ ಹೊಡೆದರು. ಅಮ್ಜದ್ ಹುಸೇನ್ ಪ್ಯಾರಾಶೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಉಳಿಯಲಿಲ್ಲ. ಅವರ ದೇಹವನ್ನು ಅಲ್ಲಿಯ ಹಳ್ಳಿಗರು ಹೊಲದಲ್ಲಿ ಮಣ್ಣು ಮಾಡಿದರೆಂದು ಆ ಕಡೆಯವರು ಬರೆದಿದ್ದಾರೆ. ಇದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ಬಿದ್ದು ನಮ್ಮಲ್ಲಿ ಯುದ್ಧಕೈದಿಯಾಗಿದ್ದರು. ಆಗಲೂ ಈ ಸಂಗತಿ ಹೊರಬರಲಿಲ್ಲ.

ಪುಸ್ತಕ ಬಂದೊಡನೆ ಎಲ್ಲವೂ ಸರಿಹೋಯಿತೆಂದಲ್ಲ. ಹಳೆಯ ಕಡತ ತೆಗೆಯಬೇಕು, ಶತ್ರುವಿನ ಮಾತನ್ನು ನಮ್ಮ ದಾಖಲೆಗೆ ತಾಳೆ ನೋಡಬೇಕು. ಅಂದಿನ ನಾಯಕ ತನೇಜಾ ಅವರು ತಮ್ಮೊಡನೆ ಹೋಗಿ ಬಾರದವನನ್ನು ಮರೆಯಲಿಲ್ಲ. ದೇವಯ್ಯನವರಿಗೆ ಸಲ್ಲಬೇಕಾದ ಗೌರವ ಸಲ್ಲಲೆಂದು ಸರಕಾರದ ಬಾಗಿಲು ತಟ್ಟಿದರು. ನನ್ನ ದೃಷ್ಟಿಯಲ್ಲಿ ಇದೂ ಸಣ್ಣ ಕೆಲಸವಲ್ಲ.

1988ರಲ್ಲಿ ಭಾರತ ಸರಕಾರ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರವನ್ನು ನೀಡಿತು. ಯುದ್ಧ ಮುಗಿದು ಆಗ 23 ವರ್ಷಗಳಾಗಿದ್ದವು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಈಗ ಅವರ ಹೆಸರಿದೆ. ಕೊಡಗಿಗೆ ಪ್ರವಾಸ ಹೋದವರು ಅಲ್ಲಿ ಇಳಿದು ನೋಡಿ ಬರಬಹುದು.